ಹೊಡೆದುಹಾಕಿದ ಪದ

ಆ ಪದವನ್ನು ಹೊಡೆದುಹಾಕಿದವಳು ನಾನೇ. ನನ್ನ ಬಾಯಿಗೆ ಬೀಗವಿಲ್ಲ, ಯಾರನ್ನು ದೂರಲಿ?

ನಾನು, ನನ್ನ ಗಂಡ ಕೋರ್ಟಿನಲ್ಲಿ ಕಚ್ಚಾಡದೆ ಮಧ್ಯಸ್ಥಿಕೆಯಲ್ಲೇ ಬೇರೆಯಾಗಲು ಒಪ್ಪಿದ್ದೆವು. ಮಕ್ಕಳಿಲ್ಲ. ಒಂದು ದುಂಡು ಮೇಜು, ಮೂರು ಕುರ್ಚಿ, ನಡುವೆ ವಕೀಲೆ ಮೇಡಂ. ಇಪ್ಪತ್ತೆರಡು ವರ್ಷ ಮುಖ ಸಿಂಡರಿಸಿಕೊಂಡೇ ಬದುಕಿದವರು ಅಲ್ಲಿ ಕೂತು ಒಬ್ಬರ ಮಾತನ್ನು ಇನ್ನೊಬ್ಬರು ಪೂರ್ತಿ ಕೇಳಿದೆವು. ಅವರು ಗಡಿಯಾರ ರಿಪೇರಿ ಮಾಡುವವರು, ನಾನು ಬಟ್ಟೆ ಹೊಲಿಯುವವಳು. ನನಗೆ ಬೇಕಾಗಿದ್ದು ಮನೆಯೊಂದೇ. ಅದರ ಮುಂದಿನ ಕೋಣೆಯಲ್ಲೇ ನನ್ನ ಎರಡು ಮಷೀನು, ಬಟ್ಟೆ ಕತ್ತರಿಸುವ ಮೇಜು, ಹುಡುಕಿಕೊಂಡು ಬರುವ ಗಿರಾಕಿಗಳು.

"ನಾನಿರೋವರೆಗೂ ಮನೆ ನನ್ನ ಹೆಸರಲ್ಲೇ ಇರ್ಲಿ. ನೀನು ಅಲ್ಲೇ ಇರು. ಆಮೇಲೆ ನಿಂದೇ, ಉಯಿಲು ಬರೆದುಕೊಡ್ತೀನಿ," ಎಂದರು.

ಹಟಮಾರಿ. ಆದರೆ ಕೊಟ್ಟ ಮಾತಿಗೆ ತಪ್ಪುವವರಲ್ಲ. ಒಪ್ಪಿದೆ.

ಮೇಡಂ ಕರಡು ಓದಿದರು: "ವಿಚ್ಛೇದನದ ನಂತರವೂ, ನನ್ನ ಮಾಜಿ ಹೆಂಡತಿಗೆ..."

"ಮಾಜಿ ಅನ್ನೋಕೆ ನಾನೇನು ಮಂತ್ರಿನಾ?" ಎಂದೆ.

ಗಂಡ ನಕ್ಕುಬಿಟ್ಟರು. ನನ್ನ ಮಾತಿಗೆ ಅವರು ನಕ್ಕು ಎಷ್ಟೋ ವರ್ಷವಾಗಿತ್ತು. ನಾನು ಉಬ್ಬಿಹೋದೆ. ಮೇಡಂ ಕೈಯಿಂದ ಪೆನ್ನು ಕಸಿದು ಆ ಸಾಲಿನ ಮೇಲೆ ಗೆರೆ ಎಳೆದೆ.

"ಬರೀ ಹೆಂಡತಿ ಅಂತ ಬರೀರಿ ಮೇಡಂ, ಇವಳ ಬಾಯಿಗೆ ಎದುರುಂಟಾ?" ಎಂದರು ಅವರು.

ಮೇಡಂ ನಗಲಿಲ್ಲ. "ವಿಚ್ಛೇದನ ಆದ ದಿನ ಇವರು ಹೆಂಡತಿಯೇ ಅಲ್ಲ, ಹೆಂಡತಿಗೆ ಅಂತ ಬರೆದದ್ದು ಬಿದ್ದುಹೋಗುತ್ತೆ. ಆ ಸಾಲು ಇದ್ರೇನೇ ನಿಲ್ಲೋದು."

"ಆದೇಶ ಬಂದ್ಮೇಲೆ ಹೊಸದು ಬರೆದ್ರಾಯ್ತಲ್ಲ," ಎಂದೆ ನಾನು. ಬರೀ 'ಹೆಂಡತಿ' ಎಂದಿದ್ದ ಉಯಿಲಿಗೇ ಗಂಡ ಸಹಿ ಹಾಕಿದರು.

ಸೋಮವಾರ ಆದೇಶ ಬಂತು. ಶುಕ್ರವಾರ ಹೊಸ ಉಯಿಲಿಗೆ ಸಹಿ ಹಾಕುವುದೆಂದು ಗೊತ್ತುಮಾಡಿಕೊಂಡೆವು. ಗುರುವಾರ ಮಧ್ಯಾಹ್ನ ಅವರು ಅಂಗಡಿಯ ಮೇಜಿನ ಮೇಲೆ ತಲೆಯಿಟ್ಟವರು ಏಳಲೇ ಇಲ್ಲ. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯೂ ಹಾಗೇ ಇತ್ತಂತೆ. ನಾನು ಬಿಕ್ಕಿಬಿಕ್ಕಿ ಅತ್ತೆ. ಬಿಟ್ಟವಳಿಗೆ ಇಷ್ಟು ಅಳು ಯಾಕೆ ಎನ್ನುವಂತೆ ಜನ ನೋಡಿದರು. ನೋಡಲಿ.

ಹದಿನೈದು ದಿನಕ್ಕೆ ಅದೇ ದುಂಡು ಮೇಜು. ಅವರ ಕುರ್ಚಿಯಲ್ಲಿ ಅವರ ತಮ್ಮ ಕೂತಿದ್ದ. ಮನೆಗೆ ಈಗ ಅವನೇ ವಾರಸುದಾರ.

"ತಪ್ಪು ತಿಳ್ಕೋಬೇಡಿ ಅತ್ತಿಗೆ. ಕಾಗದದ ಪ್ರಕಾರ ನೀವೀಗ ನನಗೆ ಅತ್ತಿಗೆ ಅಲ್ವಲ್ಲ ಅತ್ತಿಗೆ."

ಕಪಾಳಕ್ಕೆ ಬಾರಿಸಬೇಕೆನಿಸಿತು. "ನಿಮ್ಮಣ್ಣ ಮಾತು ಕೊಟ್ಟಿದ್ರು," ಎಂದೆ.

"ಅಣ್ಣ ಕೊಟ್ಟಿರಬಹುದು. ನಾನು ಕೊಟ್ಟಿಲ್ವಲ್ಲ."

ಮೇಡಂ ಕಡತ ತಿರುವಿದರು, ಮತ್ತೆ ತಿರುವಿದರು. ನಮ್ಮ ಒಪ್ಪಂದದಲ್ಲಿದ್ದದ್ದು ಗಂಡ ಇರುವವರೆಗಿನ ನನ್ನ ವಾಸ ಮಾತ್ರ. ಕರಡಿನ ಹಾಳೆ ಬಂದಾಗ ಮೇಡಂ ಅದನ್ನು ಬೇಗನೆ ಮಗುಚಿದರು. ಆದರೂ ನನ್ನ ಗೆರೆ ಕಣ್ಣಿಗೆ ಬಿತ್ತು. ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆಯುವಷ್ಟೇ ನೇರವಾಗಿತ್ತು.

ಒಂದು ತಿಂಗಳ ಗಡುವು ಸಿಕ್ಕಿತು. ಮಷೀನುಗಳನ್ನು ತಂಗಿಯ ಮನೆಯ ಜಗಲಿಗೆ ಸಾಗಿಸಿದೆ. ಗಿರಾಕಿಗಳು ಅಷ್ಟು ದೂರ ಬರುವುದಿಲ್ಲವೆಂದು ನನಗೆ ಗೊತ್ತು.

ಕೀಲಿಕೈ ಒಪ್ಪಿಸುವ ದಿನ ಮೇಡಂ ಒಂದು ನಮೂನೆ ಮುಂದಿಟ್ಟರು. ಹೆಸರು, ವಿಳಾಸ ತುಂಬಿದೆ. ಮೂರನೆಯ ಸಾಲಿನಲ್ಲಿ, "ಮೃತರಿಗೆ ನೀವು ಏನಾಗಬೇಕು?" ಎಂದಿತ್ತು.

ಅದೇ ಪೆನ್ನು ತೆಗೆದುಕೊಂಡು 'ಮಾಜಿ ಹೆಂಡತಿ' ಎಂದು ಬರೆದೆ. ಯಾರೂ ನಗಲಿಲ್ಲ.