ಇಸ್ತ್ರಿ ಮೇಜಿನ ಮೇಲಿದ್ದ ಬಾಟಲಿ

ಇಸ್ತ್ರಿ ಅಂಗಡಿಯ ಮುಂದಿನ ದಾಸವಾಳದಲ್ಲಿ ಒಂದು ಮೊಗ್ಗೂ ನಿಲ್ಲುತ್ತಿರಲಿಲ್ಲ. ಚಿಗುರಿಗೆಲ್ಲ ಹತ್ತಿ ಅಂಟಿಸಿದಂತೆ ಬಿಳಿ ಹುಳ. ಅಂಗಡಿಯಾಕೆ ಒರೆಸಿ ಒರೆಸಿ ಸೋತಳು.

“ಹೊಲಕ್ಕೆ ಹೊಡೆಯೋ ಔಷಧಿ ತಂದಿದೀನಿ,” ಎಂದ ಗಂಡ. “ಇನ್ನು ಅದರ ವಂಶವೇ ನಿರ್ನಾಮ, ನೋಡ್ತಿರು.”

“ಮನೇಲಿ ಮೊಮ್ಮಗು ಇದೆ ರೀ.”

“ಮಗು ಏನು ಗಿಡ ಮೇಯುತ್ತಾ? ನಿಂದೊಂದು ಯಾವಾಗ್ಲೂ ಭಯ.”

ಅವಳು ಊಟಕ್ಕೆ ಒಳಗೆ ಹೋದಾಗ ಅವನು ಔಷಧಿ ಹೊಡೆದ. ಯಾವುದರಲ್ಲಿ ಹೊಡೆದಿರಿ ಎಂದು ಅವಳು ಕೇಳಲಿಲ್ಲ.

ಊಟ ಮುಗಿಸಿ ಬಂದು ಮೊಮ್ಮಗಳ ಅಂಗಿಯನ್ನು ಮೇಜಿನ ಮೇಲೆ ಹರಡಿದಳು. ಬಟ್ಟೆಗೆ ನೀರು ಚಿಮುಕಿಸುವ ಬಾಟಲಿ ಎತ್ತಿ ಎರಡು ಸಲ ಒತ್ತಿದಳು. ಇಸ್ತ್ರಿ ಪೆಟ್ಟಿಗೆ ಒಮ್ಮೆ ಆಡಿಸಿದ್ದಳಷ್ಟೇ, ಮಗಳು ಬಂದು, “ಸಾಕಮ್ಮ, ಮಗುಗೆ ಚಳಿ ಆಗ್ತಿದೆ,” ಎಂದು ಅಂಗಿ ಕಸಿದುಕೊಂಡು ಹೋದಳು.

ಆಗ ಬಂತು ಘಾಟು. ಬಾಟಲಿಯನ್ನು ಬೆಳಕಿಗೆ ಹಿಡಿದಳು. ಒಳಗಿದ್ದ ನೀರು ಹಾಲಿನಂತೆ ಬೆಳ್ಳಗಿತ್ತು. ಒಳಗೆ ಓಡಿದಳು.

“ಅಂಗಿ ಬಿಚ್ಚೇ! ಮಗು ಅಂಗಿ ಬಿಚ್ಚೇ!”

ಕೂಗು ಕೇಳಿ ಪಕ್ಕದ ಮನೆಯ ನರ್ಸಮ್ಮ ಓಡಿ ಬಂದರು. “ಸೋಪು ಹಚ್ಚಿ ಮೈಯೆಲ್ಲಾ ತೊಳೀರಿ. ಇನ್ನೂ ನೀರು ಹಾಕಿ, ಇನ್ನೂ! ಅಕ್ಕ, ನಿಮ್ಮ ಕೈಯೂ ತೊಳ್ಕೊಳ್ಳಿ. ಅಣ್ಣ, ಔಷಧಿ ಡಬ್ಬಿ ಜೊತೆಗೆ ತನ್ನಿ, ಡಾಕ್ಟರಿಗೆ ಅದರ ಲೇಬಲ್ ತೋರಿಸ್ಬೇಕು.”

ಕತ್ತಲಾಗುವ ಹೊತ್ತಿಗೆ ಡಾಕ್ಟರು ಹೊರಗೆ ಬಂದರು. ಬೇಗ ತೊಳೆದದ್ದಕ್ಕೆ ಮಗು ಬಚಾವಾಯಿತು ಎಂದರು. ಆಸ್ಪತ್ರೆಯ ಬೆಂಚಿನ ಮೇಲೆ ಗಂಡ ತಲೆ ಎತ್ತಲಿಲ್ಲ.

“ಇಸ್ತ್ರಿ ಬಾಟಲೀಲೇ ಕಲಸಿ ಹೊಡೆದೆ. ಗಿರಾಕಿ ಕರೆದ್ರು. ಬಾಟಲಿ ಮೇಜಿನ ಮೇಲಿಟ್ಟು ಮರೆತೆ ಕಣೇ.”

“ಮರೆತ್ರಾ? ನೆಗಡಿ ಆಯ್ತು ಅಂತ ಮೂಗು ಕೊಯ್ಕೊಂಡ ಹಾಗಾಯ್ತಲ್ಲ ರೀ!”

ನರ್ಸಮ್ಮ ಮೆತ್ತಗೆ ಹೇಳಿದರು: “ಅಣ್ಣ, ಆ ಹುಳ ಮೈಮೇಲೆ ಮೇಣ ಹೊದ್ದಿರುತ್ತೆ. ಔಷಧಿ ಅದಕ್ಕೆ ಸರಿಯಾಗಿ ತಾಗೋದೂ ಇಲ್ಲ. ತುಂಬಾ ಹುಳ ಹತ್ತಿರೋ ರೆಂಬೆ ಕತ್ತರಿಸಿ, ಚೀಲದಲ್ಲಿ ಬಿಗಿಯಾಗಿ ಕಟ್ಟಿ ಎಸೀರಿ. ಉಳಿದದ್ದಕ್ಕೆ ಪೈಪಿನಿಂದ ಜೋರಾಗಿ ನೀರು ಬಿಡಿ. ಬಿಸಿಲಿಳಿದ ಮೇಲೆ ಲೀಟರ್ ನೀರಿಗೆ ಒಂದು ಚಮಚ ಲಿಕ್ವಿಡ್ ಸೋಪು ಕಲಸಿ, ಎಲೆ ಅಡಿಗೂ ಹೊಡೀರಿ. ಮೊದಲು ಒಂದೆರಡು ಎಲೆಗೆ ಹಾಕಿ ನೋಡಿ. ಇರುವೆ ಹತ್ತದ ಹಾಗೆ ನೋಡ್ಕೊಳ್ಳಿ, ಆ ಹುಳಕ್ಕೆ ಕಾವಲುಗಾರರೇ ಅವು.”

“ಸೋಪಿಗೆಲ್ಲ ಸಾಯುತ್ತಾ?”

“ಒಂದೇ ಸಲಕ್ಕೆ ಸಾಯಲ್ಲ. ವಾರವಾರ ಬಿಡದೆ ಮಾಡ್ಬೇಕು. ಹಠಮಾರಿ ಹುಳ ಅದು.”

“ಇವರಿಗಿಂತಲಾ?” ಎಂದಳು ಅವಳು. ನಕ್ಕಳು, ನಗುತ್ತಲೇ ಅತ್ತಳು.

“ಇನ್ನು ಆ ಔಷಧಿ ನಮ್ಮ ಹೊಸಿಲು ದಾಟಲ್ಲ,” ಎಂದ ಗಂಡ.

ಅಕ್ಕಂದಿರೇ, ಅಣ್ಣಂದಿರೇ, ಹುಳ ಹೋಗಲೇ ಇಲ್ಲ ಅಂದರೆ ಗಿಡ ಕಿತ್ತು ಇನ್ನೊಂದು ನೆಡಬಹುದು. ಮಗು ಹಾಗಲ್ಲ. ವಿಷವನ್ನು ಅದರ ಡಬ್ಬಿಯಿಂದ ಬೇರೆ ಯಾವುದಕ್ಕೂ ಸುರಿದಿಡಬೇಡಿ. ಸುರಿದಿಟ್ಟಿದ್ದೀರಾ? ಈ ಹಾಳೆ ಕೆಳಗಿಡಿ. ಈಗಲೇ ಎದ್ದು ಹೋಗಿ ನೋಡಿ.