ಸೋನಾಬಾಯಿಯ ಹಿತ್ತಲ ಸುಬಾಬುಲ್

"ಈ ಮಲ್ಲಿಗಿ ಯಾಕ ಹೂ ಬಿಡವಲ್ದು?"

ಶೇಡಬಾಳದ ಸೋನಾಬಾಯಿ ಹಿತ್ತಲಲ್ಲಿ ನಿಂತು ಕೇಳಿದರು. ಸುತ್ತ ಯಾರೂ ಇರಲಿಲ್ಲ. ಬುಟ್ಟಿಯ ತಳದಲ್ಲಿ ನಾಲ್ಕೇ ಮೊಗ್ಗು. ಅವರ ಅತ್ತೆ ಹಚ್ಚಿದ ಬಳ್ಳಿ ಅದು. ಪ್ರತಿ ಬೇಸಿಗೆಯಲ್ಲೂ ಅದರ ಮಾಲೆ ಬಸದಿಗೆ ಹೋಗುತ್ತಿತ್ತು. ಈ ಸಲ ತಪ್ಪುವ ಹಾಗಿತ್ತು.

ಗೋಡೆಯಾಚೆಯಿಂದ ನೆರೆಮನೆಯ ತುಳಸವ್ವ ಇಣುಕಿದಳು. "ಮ್ಯಾಲ ನೋಡ್ರಿ ಅಕ್ಕಾರ. ಬಿಸಲ ಎಲ್ಲೈತಿ?"

ಮೇಲೆಲ್ಲ ಸುಬಾಬುಲ್ ಹಬ್ಬಿತ್ತು. ಎಮ್ಮೆಗೆ ಮೇವಾಗಲಿ ಎಂದು ಹಿಂದೆ ಹಚ್ಚಿದ್ದು ಒಂದೇ ಗಿಡ. ಈಗ ನಿಂಬೆಯ ಬುಡದಲ್ಲಿ, ಬಚ್ಚಲ ನೀರು ಹರಿಯುವಲ್ಲಿ, ಗೋಡೆಯ ಬಿರುಕಿನಲ್ಲಿ, ಎಲ್ಲಿ ನೋಡಿದರೂ ಅದರ ಮರಿ. ಓಣಿಯವರು ಬೀಜ ಕೇಳಿದಾಗ ಮುಷ್ಟಿ ತುಂಬ ಕೊಟ್ಟವರೂ ಸೋನಾಬಾಯಿಯೇ. ಇಲ್ಲ ಅನ್ನುವುದು ಅವರಿಗೆ ಗೊತ್ತಿರಲಿಲ್ಲ.

"ನಿಮ್ಮ ಮಗ ವೃಷಭ ಅದನ್ನ ಕಡದಿದ್ನಲ್ಲರಿ?"

"ಸೊಂಟದ ಮಟ ಕಡಿ, ಬೇರಿಗೆ ಕೈ ಹಚ್ಚಬ್ಯಾಡ ಅಂತ ನಾನ ಹೇಳಿದ್ದೆ. ಬೇರ ಅಗದ್ರ ಮಣ್ಣಾಗಿನ ಜೀವಾನೂ ಹೋಗ್ತಾವು. ಆ ಪಾಪ ನಮಗ್ಯಾಕ?"

"ನೀವು ಅದಕ್ಕ ಕಟಿಂಗ್ ಮಾಡಿಸಿದಂಗ ಆತು! ಒಂದು ಟೊಂಗಿ ಇದ್ದಲ್ಲಿ ಹತ್ತು ಚಿಗತಾವು."

"ನಕ್ಕೊಂತ ನಿಂದರಬ್ಯಾಡ. ಏನ್ ಮಾಡ್ಲಿ, ಹೇಳು."

ಹೋದ ವರ್ಷ ತುಳಸವ್ವನ ಹಿತ್ತಲಿಗೂ ಇದೇ ಕಾಟ ಬಂದಿತ್ತು. ಮಹಿಳಾ ಸಂಘದ ಸಭೆಗೆ ಬಂದಿದ್ದ ಕೃಷಿ ಇಲಾಖೆಯವರು ಹೇಳಿದಂತೆ ಮಾಡಿ ಅವಳು ಅದರಿಂದ ಪಾರಾಗಿದ್ದಳು. ಈಗ ಈಚೆ ಬಂದು, ಬಿದ್ದಿದ್ದ ಒಣ ಕಾಯಿಯೊಂದನ್ನು ಬಿಡಿಸಿ ಬೀಜಗಳನ್ನು ಸೋನಾಬಾಯಿಯ ಅಂಗೈಗೆ ಸುರಿದಳು.

"ಇವು ಮಣ್ಣಾಗ ವರ್ಷಗಟ್ಟಲೆ ಸಾಯೂದಿಲ್ಲರಿ. ಮಳಿ ಬಿದ್ದಾಗೊಮ್ಮೆ ಏಳ್ತಾವು. ನೀವು ಒಂದು ಗಿಡದ ಜೀವಾ ಉಳಿಸೀರಿ, ಖರೆ. ನಿಮ್ಮ ನಿಂಬಿ, ಮಲ್ಲಿಗಿ ಸೊರಗಾಕತ್ತಾವು, ಅವಕ್ಕ ಜೀವಾ ಇಲ್ಲೇನು? ನಾಳೆ ನೂರು ಮರಿ ಕೀಳೂ ಪಾಪ ನಿಮ್ಮ ಸೊಸಿಗೆ ಬಿಟ್ಟು ಹೋಗ್ತೀರೇನು?"

ಸೋನಾಬಾಯಿ ಬೀಜಗಳನ್ನೇ ನೋಡುತ್ತ ನಿಂತರು. ಆಮೇಲೆ ಮಗನನ್ನು ಕೂಗಿದರು.

"ವೃಷಭಾ, ಗುದ್ದಲಿ ತಗೊಂಬಾ. ಸಾವಕಾಶ ಅಗಿ. ಹುಳಾ ಕಂಡ್ರ ಬಾಜೂಕ ಸರಸು."

"ಎರಿಹುಳಕ್ಕ ಬ್ಯಾರೆ ಬುಟ್ಟಿ ತರ್ಲೇನವ್ವಾ?"

"ತಾ. ಚ್ಯಾಷ್ಟಿ ಮಾಡಬ್ಯಾಡ."

ಮೊದಲು ಕಾಯಿಗಳನ್ನೆಲ್ಲ ಚೀಲಕ್ಕೆ ತುಂಬಿ ಬಚ್ಚಲ ಒಲೆಗೆ ಹಾಕಿದರು. ಒಂದನ್ನೂ ತಿಪ್ಪೆಗೆ ಬಿಡಲಿಲ್ಲ. ಸೊಪ್ಪನ್ನಷ್ಟೇ ಎಮ್ಮೆಗೆ ಹಾಕಿದರು, ಅದೂ ಬೇರೆ ಮೇವಿನ ಜೊತೆ ಸ್ವಲ್ಪ, ಹೆಚ್ಚಾದರೆ ಎಮ್ಮೆಗೆ ಒಳ್ಳೆಯದಲ್ಲ. ಬಲಿತ ಕಾಯಿ ತಿಂದರೆ ಸಗಣಿಯಲ್ಲಿ ಬೀಜ ಬಂದು ಗೊಬ್ಬರದೊಡನೆ ಮತ್ತೆ ಹಿತ್ತಲಿಗೇ ಸೇರುತ್ತದೆ. ಆಮೇಲೆ ಗಿಡ ಕಡಿದು, ಬೊಡ್ಡೆಯನ್ನು ಬೇರುಸಹಿತ ಅಗೆದು ತೆಗೆದರು. ಮಳೆಗಾಲದಲ್ಲಿ ಸೊಸೆ ಬ್ರಾಹ್ಮಿ ಹಸಿ ಮಣ್ಣಿನಿಂದ ಎಳೆಯ ಮರಿಗಳನ್ನು ಎರಡೇ ಬೆರಳಲ್ಲಿ ಕಿತ್ತಳು. ಈಗಲೂ ಒಂದೊಂದು ಏಳುತ್ತವೆ. ಕಂಡಕೂಡಲೇ ಕೀಳುತ್ತಾಳೆ.

ತಾಯಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ಹಿತ್ತಲನ್ನೊಮ್ಮೆ ಸುತ್ತಿ ಬನ್ನಿ. ಸುಬಾಬುಲ್ ಇದ್ದರೆ ಕಾಯಿ ಬಲಿಯುವ ಮೊದಲೇ ತೆಗೆಯಿರಿ. ಬೊಡ್ಡೆ ಉಳಿಸಬೇಡಿ. ಮರಿಯನ್ನು ಚಿಕ್ಕದಿರುವಾಗಲೇ ಕೀಳಿರಿ. ಬೀಜವನ್ನು ಯಾರಿಗೂ ಹಂಚಬೇಡಿ. ಪಕ್ಕದ ಮನೆಯವರಿಗೂ ಹೇಳಿ, ಬೀಜಕ್ಕೆ ಗೋಡೆಯ ಲೆಕ್ಕವಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಅದೇ ಓಣಿಯ ಗಿರಿಜವ್ವ ಸೋನಾಬಾಯಿಯ ಮನೆಗೆ ಬಂದಳು. ಸೋನಾಬಾಯಿ ಬಸದಿಗೆಂದು ಮಲ್ಲಿಗೆ ಮಾಲೆ ಕಟ್ಟುತ್ತಿದ್ದರು.

"ಅಕ್ಕಾರ, ಬೇಲಿಗೆ ಹಚ್ಚಬೇಕಂತೀನಿ. ಒಂದ ಮುಷ್ಟಿ ಸುಬಾಬುಲ್ ಬೀಜ ಎಲ್ಲರೆ ಉಳದಿರಬೇಕಲ್ಲ, ಕೊಡ್ರಿ. ನೀವು ಯಾರಿಗೂ ಇಲ್ಲ ಅನ್ನೂದಿಲ್ಲ."

ಸೋನಾಬಾಯಿ ದಾರದ ಗಂಟು ಬಿಗಿದರು.

"ಕುಂಡ್ರು, ಚಾ ಕುಡಿ. ನಿಂಬಿಕಾಯಿ ಬೇಕಾದಷ್ಟು ಒಯ್ಯಿ. ಈ ಮಲ್ಲಿಗಿ ಬಳ್ಳಿದೂ ಒಂದು ತುಂಡು ಕೊಡ್ತೀನಿ, ಹಚ್ಚು. ಆ ಬೀಜ ಮಾತ್ರ ಕೊಡೂದಿಲ್ಲ."