ಶಕೀಲಾ ಹಾಕಿದ ತಡೆ

ಬೆಳಗಿನ ಬಿಸಿಲಿನಲ್ಲಿ ಸಾಲಾಗಿ ತೆರೆದುಕೊಂಡ ಇಪ್ಪತ್ನಾಲ್ಕು ಲ್ಯಾಪ್‌ಟಾಪ್‌ಗಳು, ಅವುಗಳ ಹಿಂದೆ ತಲೆ ತಗ್ಗಿಸಿ ಕೂತ ಹುಡುಗಿಯರು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ ದಿನಗಳನ್ನು ನೆನೆದಾಗ ಮೊದಲು ಕಣ್ಣೆದುರು ಬರುವುದು ಈ ಚಿತ್ರ. ಯಾರೋ ದಾನ ಕೊಟ್ಟ ಹಳೆಯ ಯಂತ್ರಗಳವು. ಅವಕ್ಕೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ, ಮತ್ತೆ ಓಡುವಂತೆ ಮಾಡಿದವನು ನಾನೇ ಎಂಬ ಹೆಮ್ಮೆ ನನಗಿತ್ತು.

ಶಾಲೆಯ ಗೋಡೆಗೆ ಒತ್ತಿಕೊಂಡೇ ಒಂದು ಕಲ್ಯಾಣಮಂಟಪವಿತ್ತು. ಅದರ ವೈಫೈಗೆ ಪಾಸ್‌ವರ್ಡ್ ಇರಲಿಲ್ಲ. ಪಾಠದ ನಡುವೆಯೇ ಹುಡುಗಿಯರು ಅದಕ್ಕೆ ಸೇರಿಕೊಂಡು ಸಿನಿಮಾ ನೋಡತೊಡಗಿದರು. ಮುಖ್ಯೋಪಾಧ್ಯಾಯಿನಿ ವಿಶಾಲಾಕ್ಷಮ್ಮನವರು ನನ್ನನ್ನು ಕರೆಸಿ, "ಇದನ್ನ ನಿಲ್ಲಿಸಿ ಮೇಷ್ಟ್ರೇ. ಇಲ್ಲದಿದ್ರೆ ಲ್ಯಾಪ್‌ಟಾಪ್‌ಗಳನ್ನ ಕೊಟ್ಟವರಿಗೇ ವಾಪಸ್ ಕಳಿಸ್ತೀನಿ" ಎಂದರು. ಎರಡು ದಿನ ಕೂತು, ಒಂದೊಂದು ಯಂತ್ರದಲ್ಲೂ ಮಂಟಪದ ನೆಟ್‌ವರ್ಕಿನ ಹೆಸರನ್ನು ತಡೆಪಟ್ಟಿಗೆ ಸೇರಿಸಿದೆ. ಇನ್ನು ಯಾರಿಂದಲೂ ಆಗದು ಎಂದು ಅವರಿಗೆ ಹೇಳಿಯೂ ಬಂದೆ.

ವಾರ ಕಳೆಯುವುದರೊಳಗೆ, ಹತ್ತನೇ ತರಗತಿಯ ಶಕೀಲಾ ಪಾಠ ಮುಗಿದ ಮೇಲೆ ಒಬ್ಬಳೇ ಉಳಿದಳು. ಮಾತು ಕಡಿಮೆಯ ಹುಡುಗಿ. ತನ್ನ ಲ್ಯಾಪ್‌ಟಾಪನ್ನು ನನ್ನತ್ತ ತಿರುಗಿಸಿದಳು. ಅದು ಮಂಟಪದ ವೈಫೈಗೆ ಸೇರಿಕೊಂಡಿತ್ತು.

"ತಡೆ ತೆಗೆದವಳು ನೀನೇನಾ?" ಎಂದು ಗದರಿದೆ.

"ಇಲ್ಲ ಸಾರ್. ಮಂಟಪದವರು ಹೆಸರು ಬದಲಾಯಿಸಿದ್ದಾರೆ. ನೀವು ತಡೆದಿರೋದು ಹಳೇ ಹೆಸರನ್ನ. ಕ್ಲಾಸಲ್ಲಿ ಎಲ್ಲರಿಗೂ ಗೊತ್ತು. ಹೇಳಬೇಡ ಅಂದಿದ್ರು."

"ಮತ್ತೆ ನೀನ್ಯಾಕೆ ಹೇಳಿದೆ?"

"ದೊಡ್ಡ ಮೇಡಂಗೆ ಗೊತ್ತಾದ್ರೆ ಲ್ಯಾಪ್‌ಟಾಪ್ ಹೋಗುತ್ತೆ. ಕಲಿಯೋಕೆ ನನಗಿರೋದು ಇದೊಂದೇ ಸಾರ್." ಪರದೆಯತ್ತ ಬೆರಳು ತೋರಿಸಿ ಮುಂದುವರಿಸಿದಳು. "ಬೇಡದ ಹೆಸರುಗಳನ್ನ ಎಷ್ಟಂತ ತಡೀತೀರಿ? ನಮ್ಮ ಸ್ಕೂಲಿನ ವೈಫೈ ಒಂದನ್ನೇ ಉಳಿಸಿ, ಹೊಸದು ಸೇರಿಸೋ ಅಧಿಕಾರಾನೇ ನಮ್ಮ ಲಾಗಿನ್‌ನಿಂದ ತೆಗೆದುಬಿಡಿ."

ಅಷ್ಟು ಸರಳವಾದದ್ದು ನನಗೆ ಹೊಳೆದಿರಲಿಲ್ಲ. ಒಳಗೆ ಚುರುಕ್ಕೆಂದಿತು. ಆದರೂ ಸಂಜೆಯವರೆಗೆ ಇಬ್ಬರೂ ಕೂತು ಆ ಕೆಲಸ ಮುಗಿಸಿದೆವು.

ಮರುದಿನ ವಿಶಾಲಾಕ್ಷಮ್ಮನವರು ತಾವೇ ಪರೀಕ್ಷಿಸಿ, ಲ್ಯಾಪ್‌ಟಾಪ್‌ಗಳು ಇಲ್ಲೇ ಇರಲಿ ಎಂದು ಹೇಳಿ ಹೋದರು. ತರಗತಿಯಲ್ಲಿ ಮಾತ್ರ ಗುಸುಗುಸು ಎದ್ದಿತು. "ಯಾರೇ ಹೇಳಿದ್ದು?" ಅವಳನ್ನು ಕಾಪಾಡಲೆಂದು, ನಾನೇ ಕಂಡುಹಿಡಿದೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಶಕೀಲಾ ಎದ್ದು ನಿಂತಳು.

"ಹೇಳಿದ್ದು ನಾನು. ಬೈಯೋದಾದ್ರೆ ಬೈಯಿರಿ. ಈ ತಡೆ ಹೇಗೆ ಹಾಕಿದ್ವಿ ಅಂತ ನಿಮಗೂ ತೋರಿಸ್ತೀನಿ."

ಮುಂದಿನ ಸಾಲಿನ ಒಬ್ಬಳು ಪುಸ್ತಕ ತೆರೆದಳು, ಅವಳ ಪಕ್ಕದವಳೂ ತೆರೆದಳು. ನಾನು ಸೀಮೆಸುಣ್ಣವನ್ನು ಶಕೀಲಾಳ ಕೈಗಿತ್ತು, ಕಡೆಯ ಬೆಂಚಿಗೆ ಹೋಗಿ ಕೂತೆ.